ಏಪ್ರಿಲ್ ದಾಟಿದ ಅಬ್ಬಿ ನೀರು

ಈ ವರ್ಷ ಏಪ್ರಿಲ್ ಮುಗಿದರೂ ನಮ್ಮ ಅಬ್ಬಿ, ಅಂದರೆ ಗುಡ್ಡದ ಹಳ್ಳದಿಂದ ಪೈಪಿನಲ್ಲಿ ತಾನಾಗೇ ಇಳಿದು ಬರುವ ನೀರು, ನಿಲ್ಲಲಿಲ್ಲ. ಏಳೆಂಟು ವರ್ಷದ ಹಿಂದೆ ಶಿವರಾತ್ರಿ ಹೊತ್ತಿಗೇ ಪೈಪು ಗೊರಗೊರ ಅಂತ ಬರೀ ಗಾಳಿ ಉಗುಳುತ್ತಿತ್ತು. ಆಗ ನಾನು ನೀರು ಇಂಗಿಸಲು ಹೊರಟಿದ್ದಕ್ಕೆ ನಕ್ಕವರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ತೋಟ ಇರುವುದು ತೀರ್ಥಹಳ್ಳಿ, ಆಗುಂಬೆ ನಡುವೆ. ಎರಡೂವರೆ ಎಕರೆ ಅಡಿಕೆ. ಮೇಲೆ ಆರೇಳು ಎಕರೆ ಸೊಪ್ಪಿನ ಬೆಟ್ಟ (ಗೊಬ್ಬರಕ್ಕೆ ಸೊಪ್ಪು ಕಡಿಯುವ ಕಾಡು), ಅದರ ನೆತ್ತಿಯಲ್ಲಿ ಹಳೇ ಕಾನಿನ, ಅಂದರೆ ನಿತ್ಯಹಸಿರು ಕಾಡಿನ, ಒಂದು ತುಂಡು. ಹಳ್ಳ ಹುಟ್ಟುವುದು ಅಲ್ಲೇ.

ಮೊದಲು ಎಲ್ಲರಂತೆ ಬೋರ್ ಕೊರೆಸಿದೆ. 400 ಅಡಿ ಚಿಲ್ಲರೆ, ಬರೀ ಧೂಳು. ಲಕ್ಷದ ಮೇಲೆ ಹೋಯಿತು. ಆಮೇಲೆ ಜೆಸಿಬಿ ತರಿಸಿ ಇಳಿಜಾರಿನಲ್ಲಿ ದೊಡ್ಡ ಇಂಗುಗುಂಡಿ ಹೊಡೆಸಿದೆ. "ಎಂಥ ಮಾರಾಯ, 120 ಇಂಚು ಮಳೆ ಬೀಳೋ ಊರಲ್ಲಿ ನೀರು ಇಂಗಿಸ್ತೀಯಾ?" ಅಂದರು ಚಿಕ್ಕಪ್ಪ. ಆಶ್ಲೇಷ ಮಳೆಗೆ ಗುಂಡಿಗಳು ತುಂಬಿ ಧರೆ ಜರಿಯಿತು. ನಲವತ್ತೋ ಐವತ್ತೋ ಅಡಿಕೆ ಮರ ಮಣ್ಣುಪಾಲು. ಮೇಲೆ ಮುರ (ಜಂಬಿಟ್ಟಿಗೆ), ಕೆಳಗೆ ಶೇಡಿ ಮಣ್ಣು (ಮೆತ್ತನೆಯ ಬಿಳಿ ಜೇಡಿ) ಇರುವ ಕಡಿದಾದ ಜಾಗದಲ್ಲಿ ಗುಂಡಿ ತೋಡಬೇಡಿ. ಹಳ್ಳಕ್ಕೆ ಹಾಕಿದ ಸಿಮೆಂಟು ಕಟ್ಟದ ಬುಡವನ್ನೂ ಎರಡನೇ ಮಳೆಗಾಲ ಕೊರೆದು ಹಾಕಿತು.

ಕೊನೆಗೆ ಕಾನಿನ ಸುತ್ತ ಬೇಲಿ ಹಾಕಿ ಸುಮ್ನೆ ಕೂತೆ. ದನ ಬಿಡಲಿಲ್ಲ, ಸೊಪ್ಪು ಕಡಿಯಲಿಲ್ಲ, ದರಗು (ಉದುರಿದ ಒಣ ಎಲೆ) ಗುಡಿಸಲಿಲ್ಲ. ಪುಕ್ಕಟೆ ಕೆಲಸ ಅಂದುಕೊಳ್ಳಬೇಡಿ. ಸೊಪ್ಪಿಲ್ಲದೆ ಕೊಟ್ಟಿಗೆ ಗೊಬ್ಬರ ಕೊಳ್ಳಬೇಕಾಯಿತು, ವರ್ಷಕ್ಕೆ ಮೂವತ್ತು ನಲವತ್ತು ಸಾವಿರ. ಬೇಲಿಯ ಸಲುವಾಗಿ ಪಕ್ಕದ ಮನೆಯವರ ಜೊತೆ ಎರಡು ವರ್ಷ ಮಾತಿಲ್ಲ.

ಹಳ್ಳದ ಅಂಚಿಗೆ ವಾಟೆ ಬಿದಿರು, ಜೌಗಿಗೆ ರಾಮಪತ್ರೆ ಮರ ನೆಟ್ಟೆ. ಒರತೆಯ ಕಣ್ಣಿನ ಹತ್ತಿರ ಇನ್ನೆರಡು ಜಾತಿ ಇವೆ, ಅವು ಯಾವುವು ಅಂತ ಹೇಳುವುದಿಲ್ಲ. ಬೇಕಿದ್ದವರು ಬಂದು ನೋಡಿ.

ಒಂದು ಸಣ್ಣ ಪರೀಕ್ಷೆಯನ್ನೂ ಮಾಡಿದ್ದೆ. ದರಗು ಕೆರೆದ ಜಾಗಕ್ಕೆ ಒಂದು ಕೊಡ, ಕೆರೆಯದ ಜಾಗಕ್ಕೆ ಒಂದು ಕೊಡ ನೀರು ಸುರಿದೆ. ಮೊದಲನೆಯದು ಕೆಂಪಗೆ ನನ್ನ ಕಾಲಡಿಗೇ ಹರಿದು ಬಂತು. ಎರಡನೆಯದು ಕಾಣಲೇ ಇಲ್ಲ. ದರಗು ಎತ್ತಿದರೆ ಕೆಳಗೆ ತಣ್ಣಗಿನ ಕಪ್ಪು ಮಣ್ಣು, ಬಿಳಿ ಬೇರು, ಒಂದು ಏಡಿಮರಿ. ಪಕ್ಕದ ಅಕೇಶಿಯಾ ತೋಪಿನ ಹಳ್ಳ ಫೆಬ್ರವರಿಗೇ ಒಣಗುತ್ತದೆ. ಎರಡು ಹಳ್ಳ ನೋಡಿ ತೀರ್ಪು ಕೊಡಬಾರದು, ಆದರೂ ನನ್ನ ಮಟ್ಟಿಗೆ ಕೊಟ್ಟಾಗಿದೆ!

ಮೂರು ವರ್ಷ ಏನೂ ಬದಲಾಗಲಿಲ್ಲ. ನಾಲ್ಕನೇ ವರ್ಷದಿಂದ ಲೆಕ್ಕ ಸಿಕ್ಕಿತು. ಮಾರ್ಚ್ ತಿಂಗಳಲ್ಲಿ 15 ಲೀಟರ್ ಬಕೆಟ್ ತುಂಬಲು ಮೊದಲು ನಾಲ್ಕು ನಿಮಿಷ ಬೇಕಿತ್ತು, ಈಗ ಒಂದು ನಿಮಿಷವೂ ಬೇಡ.

ನಮ್ಮ ಹಳ್ಳ ಮಾಲತಿಗೆ ಸೇರುತ್ತದೆ, ಮಾಲತಿ ತುಂಗೆಗೆ. ಶಿವಮೊಗ್ಗದಲ್ಲಿರುವ ತಂಗಿ ನಲ್ಲಿಯಲ್ಲಿ ನೀರಿಲ್ಲ ಅಂತ ಫೋನ್ ಮಾಡಿದಾಗಲೆಲ್ಲ "ನೀವು ಕುಡಿಯೋದು ನಮ್ಮ ಕಾನಿನ ನೀರನ್ನೇ" ಅಂತ ರೇಗಿಸುತ್ತೇನೆ. ತುಂಗೆ ಹುಟ್ಟುವ ಗಂಗಾಮೂಲ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿದೆ, 1987ರಿಂದ ಅದಕ್ಕೆ ಸರ್ಕಾರದ ಕಾವಲು. ದಾರಿಯಲ್ಲಿ ಬಂದು ಸೇರುವ ಇಂಥ ಹಳ್ಳಗಳಿಗೆ ನಾವೇ ಬೇಲಿ ಗೂಟ ಹೊಡೆಯಬೇಕು.

ಮೊನ್ನೆ ಚಿಕ್ಕಪ್ಪ ಬಂದು ಪೈಪಿನ ಬಾಯಿಗೆ ಕೈ ಹಿಡಿದು ನೋಡಿದರು. ಹೊಗಳಲಿಲ್ಲ. "ತಂತಿ ಎಷ್ಟು ಕೆಜಿ ಬೇಕಾಯ್ತೋ?" ಅಂತ ಕೇಳಿದರು.