ವಾಷಿಂಗ್ ಮಷೀನ್ ನೀರಲ್ಲಿ ತಾರಸಿ ತೋಟ: ನನ್ನ ಅನುಭವ

“ಸೋಪಿನ ನೀರು ಹಾಕಿದ್ರೆ ಗಿಡ ಉಳಿಯುತ್ತಾ?” ಅಂತ ಕೇಳದವರಿಲ್ಲ. ಪ್ಲಂಬರ್ ಕೇಳಿದ, ಪಕ್ಕದ ಮನೆಯವರು ಕೇಳಿದರು, ನಮ್ಮ ಯಜಮಾನರಂತೂ ಭಾನುವಾರ ಬಂತೆಂದರೆ ಕೇಳುತ್ತಿದ್ದರು. ಅದೇ ನೀರು ಕುಡಿದ ಬದನೆ, ಬಾಳೆ, ಡ್ರಮ್ಮಿನ ನುಗ್ಗೆ ಈಗ ಎರಡನೇ ಬೇಸಿಗೆಯನ್ನೂ ದಾಟಿವೆ. ಕೇಳಿದವರ ಮನೆಗೆಲ್ಲ ಬದನೆಕಾಯಿ ಕಳಿಸಿದ್ದೇನೆ! ತಾರಸಿ ತೋಟದವರಿಗೆ ಕುಂಡ, ಕೋಕೋಪೀಟ್, ಗೊಬ್ಬರದ ಲೆಕ್ಕ ಹೇಳಿಕೊಡಬೇಕಾಗಿಲ್ಲ. ನೀರಿನ ವಿಷಯ ಮಾತ್ರ ಬರೆಯುತ್ತೇನೆ.

2024ರ ಮಾರ್ಚ್ ಬೆಂಗಳೂರಿನವರಿಗೆ ಮರೆಯುವಂಥದ್ದಲ್ಲ. ಉತ್ತರಹಳ್ಳಿ ಕಡೆಯ ನಮ್ಮ ಬೀದಿಯಲ್ಲಿ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟವು. ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳುತ್ತಿದ್ದರು. ಜಿಲ್ಲಾಡಳಿತ 12 ಸಾವಿರ ಲೀಟರಿಗೆ, 5 ಕಿಲೋಮೀಟರ್ ಒಳಗಾದರೆ 1,000 ರೂಪಾಯಿ ಎಂದು ದರ ನಿಗದಿ ಮಾಡಿತು. ಆ ದರಕ್ಕೆ ಫೋನ್ ಎತ್ತುವವರೇ ನಮಗೆ ಸಿಗಲಿಲ್ಲ. ಅದೇ ತಿಂಗಳು ಜಲಮಂಡಳಿ ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ದಂಡ ಎಂದಿತು. ತಾರಸಿ ಮೇಲೆ ಅರವತ್ತು ಚಿಲ್ಲರೆ ಕುಂಡ. ಅವುಗಳ ಪಕ್ಕದಲ್ಲೇ, ಮೆಟ್ಟಿಲ ರೂಮಿನಲ್ಲಿದ್ದ ಮಷೀನು ಪ್ರತಿ ಒಗೆತಕ್ಕೂ ನೂರಿಪ್ಪತ್ತು ಲೀಟರಿನಷ್ಟು ನೀರನ್ನು ಮೋರಿಗೆ ಬಿಡುತ್ತಿತ್ತು.

ಮೊದಲ ತಿಂಗಳು ಮಾಮೂಲಿ ಪುಡಿ ಹಾಕಿ ಒಗೆದ ನೀರನ್ನೇ ಬಿಟ್ಟೆವು. ಕರಿಬೇವಿನ ಎಲೆಯಂಚು ಕಂದಿತು, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತು, ನೀರು ಇಂಗದೆ ಕುಂಡದ ಬಾಯಲ್ಲೇ ನಿಂತಿತು. ಪುಡಿಯ ಬಹುಪಾಲು ಸೋಡಿಯಂ ಉಪ್ಪುಗಳೇ. ಅದು ಸೇರಿದಷ್ಟೂ ಮಣ್ಣು ಬಿಗಿಯಾಗುತ್ತದೆ. ಕರಿಬೇವು ಹೋಯಿತು, ಎರಡು ಮಲ್ಲಿಗೆ ಬಳ್ಳಿಯೂ ಹೋದವು. “ಹೇಳಿದ್ನಲ್ಲ” ಎಂದರು ಯಜಮಾನರು. ದುಬಾರಿ ‘ಹರ್ಬಲ್’ ಲಿಕ್ವಿಡ್ ತಂದು ನೋಡಿದೆ, ತಿಂಗಳಿಗೆ ಏಳುನೂರರ ಹತ್ತಿರ ಬಂತು. ಗಿಡ ಬದುಕಿತು, ಪರ್ಸು ಬಾಡಿತು.

ಆಗ ಅಂಟುವಾಳಕ್ಕೆ, ಅಂದರೆ ನೊರೆ ಬರುವ ಸೋಪುಕಾಯಿಗೆ, ಬಂದೆ. ಅತ್ತೆ ತೀರ್ಥಹಳ್ಳಿ ಕಡೆಯವರು. ರೇಷ್ಮೆ ಸೀರೆಗೂ ಚಿನ್ನದ ಸರಕ್ಕೂ ಅಂಟುವಾಳ ಬಿಟ್ಟು ಬೇರೆ ಮುಟ್ಟಿದವರಲ್ಲ. ಆದರೆ ಮಷೀನಿಗೆ ಹಾಕುತ್ತೇನೆ ಎಂದಾಗ ಅವರೇ ನಕ್ಕರು: “ಕೈಯಲ್ಲಿ ಕಿವುಚದೆ ನೊರೆ ಎಲ್ಲಿಂದ ಬರ್ತದೆ ಮಾರಾಯ್ತಿ?” ಅವರ ಮಾತು ಸುಳ್ಳಾಗಲಿಲ್ಲ. ಕಾಯಿಯನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಮಷೀನಿನೊಳಗೆ ಎಸೆಯಿರಿ ಎಂದು ಎಲ್ಲರೂ ಹೇಳುತ್ತಾರಲ್ಲ, ತಣ್ಣೀರಿನಲ್ಲಿ ಅದು ಕೆಲಸ ಮಾಡುವುದೇ ಇಲ್ಲ. ಒಮ್ಮೆ ಚೀಲ ಹರಿದು ಸಿಪ್ಪೆಯ ಚೂರು ಪಂಪಿಗೆ ಸಿಕ್ಕಿತು. ಬಿಚ್ಚಿ ಕೊಡಲು ಮೆಕ್ಯಾನಿಕ್ ಆರುನೂರೋ ಆರೂವರೆನೂರೋ ತೆಗೆದುಕೊಂಡ. ಜೊತೆಗೆ ಉಪದೇಶ ಬೇರೆ.

ಈಗ ಮಾಡುವುದು ಹೀಗೆ. ಬೀಜ ತೆಗೆದ ಕಾಯಿಯನ್ನು ಗ್ರಂಥಿಗೆ ಅಂಗಡಿಯಿಂದ ಎರಡು-ಮೂರು ಕೆಜಿ ಒಟ್ಟಿಗೆ ತರುತ್ತೇನೆ, ಕೆಜಿಗೆ ಇನ್ನೂರೈವತ್ತರ ಆಸುಪಾಸು. ಒಂದು ಒಗೆತಕ್ಕೆ ಎರಡು ಹಿಡಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಳೆ ಪಾತ್ರೆಯಲ್ಲಿ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕಿವುಚಿ ಎರಡು ಸಲ ಸೋಸಬೇಕು. ದೊಡ್ಡ ಪಾತ್ರೆಯನ್ನೇ ಇಡಿ, ಉಕ್ಕಿದರೆ ಒಲೆಯೆಲ್ಲ ಅಂಟು. ಹಾಗೇ ಇಟ್ಟರೆ ಮೂರನೇ ದಿನಕ್ಕೆ ಹುಳಿ ವಾಸನೆ, ಬಾಟಲಿ ಮುಚ್ಚಳ ಹಾರುತ್ತದೆ. ಎರಡು ವಾರ ಕೆಡದಂತೆ ಇಡಲು ನಾನೊಂದು ವಸ್ತು ಸೇರಿಸುತ್ತೇನೆ. ಅಡುಗೆಮನೆಯದೇ, ಉಪ್ಪಂತೂ ಅಲ್ಲ. ಹೆಸರು ಕೇಳಬೇಡಿ, ಅತ್ತೆ ಇನ್ನೂ ಅಪ್ಪಣೆ ಕೊಟ್ಟಿಲ್ಲ.

ನೊರೆ ಕಡಿಮೆ, ನಿಜ. ನಮ್ಮ ಬೋರ್‌ವೆಲ್ ನೀರು ಗಡಸು, ಬಾರ್ ಸೋಪು ಅದರಲ್ಲಿ ಜಿಡ್ಡಾಗಿ ಒಡೆಯುತ್ತದೆ. ಅಂಟುವಾಳಕ್ಕೆ ಆ ತೊಂದರೆ ಇಲ್ಲ. ಬಿಳಿ ಬಟ್ಟೆಗೆ ಮಾತ್ರ ಸೋತೆ. ಮಗಳ ಶನಿವಾರದ ಬಿಳಿ ಯೂನಿಫಾರಂ ಎರಡು ತಿಂಗಳಲ್ಲಿ ಮಬ್ಬಾಗಿ, ಶಾಲೆಯಿಂದ ಡೈರಿಯಲ್ಲಿ ಚೀಟಿ ಬಂತು. ಪುಡಿಯಲ್ಲಿ ಹೊಳಪು ಕೊಡುವ ರಾಸಾಯನಿಕ ಇರುತ್ತದೆ, ಕಾಯಲ್ಲಿ ಎಲ್ಲಿಂದ ತರುವುದು? ಬಿಳಿ ಬಟ್ಟೆಯನ್ನು ವಾರಕ್ಕೊಮ್ಮೆ ಪುಡಿಯಲ್ಲೇ ಒಗೆಯುತ್ತೇವೆ, ಆ ನೀರು ನೇರ ಮೋರಿಗೆ. ಅದಕ್ಕೊಂದು ವಾಲ್ವ್ ಇದೆ. ನಾದಿನಿಯ ಮಗುವಿನ ಲಂಗೋಟಿ ಒಗೆದ ನೀರೂ ಆ ದಾರಿಯಲ್ಲೇ.

ಪೈಪಿನ ಕೆಲಸಕ್ಕೆ ಕರೆದ ಪ್ಲಂಬರ್ ಅರ್ಧ ಎಚ್‌ಪಿ ಮೋಟರು, ಸಂಪು ಎಂದು ಎಂಟೊಂಬತ್ತು ಸಾವಿರದ ಲೆಕ್ಕ ಕೊಟ್ಟ. ಮಷೀನಿನ ಪಂಪೇ ಮೂರಡಿ ಎತ್ತರಕ್ಕೆ ನೀರು ತಳ್ಳುತ್ತದಲ್ಲ, ಮೋಟರು ಯಾಕೆ ಎಂದೆ. “ಆಗಲ್ಲ ಮೇಡಂ” ಎಂದು ಹೋದವನು ಈಗ ಬೇರೆಯವರಿಗೆ ನಮ್ಮ ಮನೆ ತೋರಿಸುತ್ತಾನೆ. ಒಂದು ಎಚ್ಚರ: ಹೋಸನ್ನು ಮೊದಲು ಮೇಲಕ್ಕೆತ್ತಿ ಕೊಕ್ಕೆಗೆ ಸಿಗಿಸಿ ಆಮೇಲೆ ಇಳಿಬಿಡಬೇಕು. ನೆಲದಲ್ಲಿ ಬಿದ್ದಿದ್ದರೆ ಒಗೆಯುವಾಗಲೇ ನೀರು ತಾನಾಗಿ ಹರಿದುಹೋಗಿ, ಮಷೀನು ತುಂಬಿಕೊಳ್ಳುತ್ತಲೇ ಇರುತ್ತದೆ. ನಮ್ಮಲ್ಲಿ ಹಾಗಾಗಿ ಸುಮಾರು ಅರ್ಧ ಟ್ಯಾಂಕ್ ಖಾಲಿಯಾಗಿತ್ತು.

ಹೋಸಿನ ತುದಿಗೆ ಮಗಳ ಹಳೆ ಕಾಲುಚೀಲ, ರಬ್ಬರ್ ಬ್ಯಾಂಡು. ನಾಲ್ಕು ಒಗೆತಕ್ಕೆ ಅದರೊಳಗೆ ಬೂದು ಬಣ್ಣದ ನೂಲಿನ ಮುದ್ದೆ ಒಂದು ನಿಂಬೆಹಣ್ಣಿನ ಗಾತ್ರ ಕೂಡುತ್ತದೆ. ಮೊದಲು ನೀರು ಖಾಲಿ ಡ್ರಮ್ಮಿಗೆ ಬೀಳಬೇಕು. ಮಷೀನು ಎರಡು ನಿಮಿಷದಲ್ಲಿ ನಲವತ್ತು-ಐವತ್ತು ಲೀಟರ್ ಕಾರುತ್ತದೆ, ಜಲ್ಲಿ ತುಂಬಿದ ಡ್ರಮ್ಮು ಅದನ್ನು ತಡೆಯಲಾರದು. ಅಲ್ಲಿಂದ ಸಣ್ಣ ಪೈಪಿನಲ್ಲಿ ಉದ್ದಕ್ಕೆ ಸೀಳಿದ ನೀಲಿ ಡ್ರಮ್ಮಿಗೆ. ನೀರು ಸೋಸಲು ಅದರಲ್ಲಿ ಮುಕ್ಕಾಲಿಂಚಿನ ಜಲ್ಲಿ, ಮೇಲೆ ಕಾಬಾಳೆ (ಕ್ಯಾನಾ) ಗಿಡ. ಹೊರಹೋಗುವ ಪೈಪು ಜಲ್ಲಿಯ ಮಟ್ಟಕ್ಕಿಂತ ಎರಡಿಂಚು ಕೆಳಗಿರಲಿ, ನೀರು ಕಣ್ಣಿಗೆ ಕಾಣದಿದ್ದರೆ ಸೊಳ್ಳೆಗೂ ಜಾಗವಿಲ್ಲ. ತೂಕ ಇನ್ನೂರು ಕೆಜಿಯ ಹತ್ತಿರ, ಬೀಮ್ ಅಥವಾ ಗೋಡೆಯ ನೇರಕ್ಕೇ ಇಡಿ. ಡ್ರಿಪ್ ಹಾಕಿ ಕೆಟ್ಟೆ, ತೂತೆಲ್ಲ ನೂಲು. ಈಗ ಅರ್ಧ ಇಂಚಿನ ಪೈಪಿಗೆ ನಾನೇ ಡ್ರಿಲ್ ಮಾಡಿದ ತೂತುಗಳು. ಎಲ್ಲ ಸೇರಿ ನಾಲ್ಕೂವರೆ ಸಾವಿರ ಆಗಿರಬಹುದು, ಗುಜರಿಯಿಂದ ಡ್ರಮ್ಮು ತಂದಿದ್ದಕ್ಕೆ.

ನೀರನ್ನು ಕೂಡಿಡುವ ಆಸೆ ಮಾತ್ರ ಬೇಡ. ಬೇಸಿಗೆಗೆಂದು ಮುನ್ನೂರು ಲೀಟರ್ ಸಿಂಟೆಕ್ಸ್‌ನಲ್ಲಿ ಹಿಡಿದಿಟ್ಟಾಗ ಮೂರನೇ ದಿನಕ್ಕೆ ಕೊಳೆತ ಮೊಟ್ಟೆಯ ವಾಸನೆ ಪಕ್ಕದ ಮನೆಯ ಸತ್ಯನಾರಾಯಣ ಪೂಜೆಗೆ ನುಗ್ಗಿತು. ಬಂದ ದಿನವೇ ಮಣ್ಣಿಗೆ ಹೋಗಬೇಕು. ಹಾಗಾಗಿ ಒಗೆಯುವ ದಿನಗಳನ್ನೇ ಗಿಡಕ್ಕೆ ತಕ್ಕಂತೆ ಹಂಚಿಕೊಂಡಿದ್ದೇವೆ. ಯಜಮಾನರ ಭಾನುವಾರದ ಎರಡು ಲೋಡು ಈಗ ಒಂದು ಭಾನುವಾರಕ್ಕೆ, ಒಂದು ಬುಧವಾರಕ್ಕೆ.

ಬಾಳೆ, ಕೆಸು, ಬದನೆ, ನುಗ್ಗೆ ಚೆನ್ನಾಗಿ ಒಪ್ಪಿಕೊಂಡವು. ಹೊಸ ಕರಿಬೇವೂ ಚಿಗುರಿದೆ. ಕೊತ್ತಂಬರಿ, ಮೆಂತ್ಯಕ್ಕೆ ಈ ನೀರು ಕೊಡುವುದಿಲ್ಲ, ಎಲೆಯನ್ನು ಹಸಿಯಾಗಿ ತಿನ್ನುವ ಯಾವುದಕ್ಕೂ ಕೊಡುವುದಿಲ್ಲ. ಗಪ್ಪಿ ಮೀನು ಬಿಟ್ಟ ತಾವರೆ ತೊಟ್ಟಿಗೆ ಒಂದು ಹನಿಯೂ ಬೀಳಬಾರದು. ಊರ ಕಡೆ ಹೊಳೆಯಲ್ಲಿ ಮೀನು ಹಿಡಿಯಲು ಇಂಥ ನೊರೆಕಾಯಿಗಳನ್ನು ಜಜ್ಜಿ ಹಾಕುತ್ತಿದ್ದುದು ಸುಮ್ಮನೆ ಅಲ್ಲ. ಕುದಿಸಿ ಉಳಿದ ಸಿಪ್ಪೆಯಿಂದ ಪಾತ್ರೆ ತಿಕ್ಕಿ ನೋಡಿದೆ, ಸ್ಟೀಲಿಗೆ ಪರವಾಗಿಲ್ಲ, ಎಣ್ಣೆ ಬಾಣಲೆಗೆ ಬೂದಿಯೇ ಸರಿ. ಮೋಸಂಬಿ ಸಿಪ್ಪೆ-ಬೆಲ್ಲ ನೀರಲ್ಲಿ ಹುಳಿ ಬರಿಸಿದ ಬಯೋಎನ್‌ಜೈಮ್ ಮೂರು ತಿಂಗಳು ಕಾದು ಮಾಡಿದ್ದೆ, ಬಾತ್‌ರೂಮ್ ನೆಲಕ್ಕೆ ಒಳ್ಳೆಯದು. ಅದನ್ನು ಅಂಟುವಾಳಕ್ಕೆ ಸೇರಿಸಿದರೆ ಕಾಲರಿನ ಕೊಳೆ ಹೋಗುತ್ತದೆ, ಪ್ರಮಾಣ ನನ್ನ ಹತ್ತಿರವೇ ಇರಲಿ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ತಿಂಗಳಿಗೆ ಉಳಿಯುವ ಎರಡು ಸಾವಿರ ಲೀಟರ್ ನೀರಿಗೆ ಟ್ಯಾಂಕರ್ ದರದಲ್ಲಿ ಇನ್ನೂರು ರೂಪಾಯಿಯೂ ಬೆಲೆಯಿಲ್ಲ. ಪುಡಿ-ಲಿಕ್ವಿಡ್ಡಿನಲ್ಲಿ ಇನ್ನೂ ಇನ್ನೂರು ಉಳಿಯುತ್ತದೆ. ಬಂಡವಾಳ ಸುಮಾರು ಒಂದು ವರ್ಷಕ್ಕೆ ಬಂತು, ಅಷ್ಟೇ. ಆದರೆ ಟ್ಯಾಂಕರ್ ಬಾರದ ವಾರ ಗಿಡ ಒಣಗಲಿಲ್ಲ, ನನಗೆ ಅದೇ ಲೆಕ್ಕ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತಕ್ಕೆ ಚಾಲನೆ ಸಿಕ್ಕಾಗ “ಇನ್ನೇಕೆ ಈ ಡ್ರಮ್ಮು?” ಎಂದರು ಯಜಮಾನರು. ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದ ನೀರನ್ನು ಬಾಳೆಗಿಡಕ್ಕೆ ಹಾಕಬೇಕಾ ಎಂದು ಅತ್ತೆಯೇ ಉತ್ತರ ಕೊಟ್ಟರು.

ಸದ್ಯ ಕಣ್ಣಿರುವುದು ಮೊದಲ ಮಹಡಿಯ ಬಾಡಿಗೆಯವರ ಮಷೀನಿನ ಮೇಲೆ. ಅದು ಫ್ರಂಟ್ ಲೋಡು, ನೀರು ಅರ್ಧಕ್ಕರ್ಧ ಕಡಿಮೆ, ಮೇಲಾಗಿ ಅವರು ಘಮಘಮ ಕಂಡೀಷನರ್ ಸುರಿಯುತ್ತಾರೆ. ಒಂದು ಬಾಟಲಿ ಅಂಟುವಾಳ ಕೊಟ್ಟು ಬಂದಿದ್ದೇನೆ, ಇನ್ನೂ ಮುಚ್ಚಳ ತೆಗೆದ ಹಾಗಿಲ್ಲ.