ಅಮ್ಮನ ಮಾತ್ರೆಗೆ ಅಮೆರಿಕದಲ್ಲಿ ಅಂಗಡಿ ಹುಡುಕಿದ್ದು

ಆಗಸ್ಟ್‌ನ ಒಂದು ಭಾನುವಾರ ಅಮ್ಮನ ಬಿ.ಪಿ. ನೋಡಿದೆ. ಮೇಲಿನದು 168 ಇತ್ತು. ಊರಿನಿಂದ ಬಂದಾಗ 130ರ ಆಸುಪಾಸಿನಲ್ಲಿತ್ತು. ಉಪ್ಪಿನಕಾಯಿ ಜಾಸ್ತಿ ಆಯ್ತೇನೋ ಅಂದುಕೊಂಡೆ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದೆ. ಅಷ್ಟೇ ಇತ್ತು. ಅವಳ ಮಾತ್ರೆ ಚೀಲ ತೆಗೆದು ಎಣಿಸಿದೆ. ತಂದಿದ್ದು ಮೂರು ತಿಂಗಳಿಗೆ. ಆ ಹೊತ್ತಿಗೆ ಬಿ.ಪಿ. ಮಾತ್ರೆ ಹತ್ತು ಉಳಿದಿರಬೇಕಿತ್ತು. ಒಡೆಯದ ಮೂರು ಸ್ಟ್ರಿಪ್ ಸಿಕ್ಕವು.

"ದಿನ ಬಿಟ್ಟು ದಿನ ತಗೋತಿದ್ದೀನಿ ಕಣೇ. ಇಲ್ಲಿ ಮಾತ್ರೆಗೆ ತುಂಬಾ ದುಡ್ಡಂತೆ. ಸುಮ್ನೆ ನಿಮಗ್ಯಾಕೆ ಖರ್ಚು?"

ಪಾರ್ಕಿನಲ್ಲಿ ಸಿಗುವ ಇನ್ನೊಬ್ಬ ಅಮ್ಮ ಹೀಗೇ ಮಾಡುತ್ತಾರಂತೆ. ಇವಳೂ ಶುರು ಮಾಡಿದ್ದಳು. ನನಗೆ ಬೈಯಲೂ ಆಗಲಿಲ್ಲ. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ನಾವಿರುವುದು ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಅಮ್ಮ 2023ರ ಮೇ ತಿಂಗಳಲ್ಲಿ ಅರಸೀಕೆರೆಯಿಂದ ಬಂದಿದ್ದಳು. ಆರು ತಿಂಗಳು ಇರುವ ಲೆಕ್ಕ. ಸ್ವಂತಕ್ಕೆ ತರುವ ಔಷಧಿ 90 ದಿನದ್ದಕ್ಕಿಂತ ಜಾಸ್ತಿ ಬೇಡ ಅಂತ ಇಲ್ಲಿನ ಕಸ್ಟಮ್ಸ್‌ನವರು ಹೇಳುತ್ತಾರೆ. ಹಾಗಾಗಿ ಮೂರು ತಿಂಗಳಿಗೆ ಆಗುವಷ್ಟು ಕಟ್ಟಿಸಿದ್ದೆ. ಉಳಿದದ್ದನ್ನು ಇಲ್ಲೇ ತಗೊಂಡರಾಯಿತು ಅಂದುಕೊಂಡಿದ್ದೆ. ಎಲ್ಲಿ, ಎಷ್ಟಕ್ಕೆ, ಯಾರ ಹತ್ತಿರ ಅಂತ ವಿಚಾರಿಸಿರಲಿಲ್ಲ. ವಿಚಾರಿಸಿದ್ದರೆ ಅಮ್ಮ ಹೀಗೆ ಮಾತ್ರೆ ಉಳಿಸುತ್ತಿರಲಿಲ್ಲ. ಅದಕ್ಕೇ ನಾನು ಏನೇನು ಮಾಡಿದೆ ಅಂತ ಬರೆಯುತ್ತಿದ್ದೇನೆ. ನಿಮ್ಮ ಅಪ್ಪ ಅಮ್ಮ ಬರುವವರಿದ್ದರೆ ಟಿಕೆಟ್ ಮಾಡಿಸುವಾಗಲೇ ಈ ಕೆಲಸವನ್ನೂ ಶುರು ಮಾಡಿ.

ಅವತ್ತೇ ಊರಿನ ಡಾಕ್ಟರಿಗೆ ಫೋನ್ ಮಾಡಿದೆ. ಇರುವ ಮಾತ್ರೆಯನ್ನು ದಿನಾ ತಪ್ಪದೆ ಕೊಡಿ ಅಂದರು. ಅಂದರೆ ನನ್ನ ಕೈಯಲ್ಲಿ ಒಂದು ತಿಂಗಳು ಇತ್ತು.

ಮೊದಲು ಒಂದು ಹಾಳೆಯಲ್ಲಿ ಔಷಧಿಗಳ ಹೆಸರು ಬರೆದೆ. ಸ್ಟ್ರಿಪ್ ಮೇಲೆ ದಪ್ಪಗೆ ಇರುವ ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬೇಕಾಗಿರುವುದು ಅದರ ಜೊತೆ ಸಣ್ಣಕ್ಷರದಲ್ಲಿ ಇರುವ ಹೆಸರು. ಟೆಲ್ಮಿಸಾರ್ಟಾನ್ 40, ಬಿ.ಪಿ.ಗೆ. ಲೆವೊಥೈರಾಕ್ಸಿನ್ 50 ಮೈಕ್ರೊಗ್ರಾಂ, ಥೈರಾಯ್ಡ್‌ಗೆ. ಶುಗರ್‌ಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎರಡೂ ಸೇರಿದ ಒಂದೇ ಮಾತ್ರೆ. ಈ ಕೊನೆಯದು ಮುಖ್ಯ. ನಮ್ಮಲ್ಲಿ ಎರಡು ಮೂರು ಔಷಧಿ ಸೇರಿಸಿದ ಮಾತ್ರೆಗಳು ಬಹಳ. ಅವುಗಳಲ್ಲಿ ಎಷ್ಟೋ ಜೋಡಿಗಳು ಅಮೆರಿಕದಲ್ಲಿ ಸಿಗುವುದೇ ಇಲ್ಲ. ಅಮ್ಮನ ಶುಗರ್ ಮಾತ್ರೆಯೂ ಹಾಗೆಯೇ. ಡಾಕ್ಟರು ಅದನ್ನು ಎರಡು ಬೇರೆ ಬೇರೆ ಮಾತ್ರೆಯಾಗಿ ಬರೆದುಕೊಡಬೇಕಾಯಿತು.

ಡಾಕ್ಟರ್ ಹತ್ತಿರ ಹೋಗುವ ಮುಂಚೆ ಸುಲಭದ ದಾರಿ ಹುಡುಕಿದ್ದೂ ನಿಜ. ಊರಿನಿಂದ ಕೊರಿಯರ್ ಮಾಡಿಸಿ ಅಂದರು ಕೆಲವರು. ಹಾಗೆ ತರಿಸುವುದಕ್ಕೆ ಇಲ್ಲಿನ ಔಷಧಿ ಇಲಾಖೆ ಎಫ್‌ಡಿಎಯ ಒಪ್ಪಿಗೆ ಸಾಮಾನ್ಯವಾಗಿ ಇರುವುದಿಲ್ಲ. ಪೊಟ್ಟಣ ಕಸ್ಟಮ್ಸ್‌ನಲ್ಲೇ ನಿಂತರೆ ಏನು ಮಾಡುವುದು? ಆಮೇಲೆ ಡಾಕ್ಟರ್ ಚೀಟಿ ಬೇಡ, ಅರ್ಧ ಬೆಲೆ, ಮನೆಗೇ ತಲುಪಿಸುತ್ತೇವೆ ಅನ್ನುವ ಒಂದು ವೆಬ್‌ಸೈಟ್ ಸಿಕ್ಕಿತು. ಕೆನಡಾದ ಅಂಗಡಿ ಅಂತ ಎಲೆ ಗುರುತು ಬೇರೆ ಹಾಕಿಕೊಂಡಿತ್ತು. ರಾತ್ರಿ ಹನ್ನೊಂದು ಗಂಟೆಗೆ ದುಡ್ಡು ಕಟ್ಟುವ ಪುಟದ ತನಕ ಹೋದೆ. ಅಲ್ಲಿ ಕಾರ್ಡ್ ತಗೊಳ್ಳುವುದಿಲ್ಲ ಅಂತಿತ್ತು. ಅಂಗಡಿಯ ವಿಳಾಸ ಹುಡುಕಿದೆ, ಇರಲಿಲ್ಲ. ಫಾರ್ಮಸಿಸ್ಟ್ ಜೊತೆ ಮಾತಾಡಲು ನಂಬರೂ ಇರಲಿಲ್ಲ. ಮುಚ್ಚಿಬಿಟ್ಟೆ.

ಮಾರನೇ ದಿನ ಇದರ ಬಗ್ಗೆ ಓದಿದೆ. ಎನ್‌ಎಬಿಪಿ ಅಂತ, ಇಲ್ಲಿನ ರಾಜ್ಯಗಳ ಫಾರ್ಮಸಿ ಬೋರ್ಡ್‌ಗಳ ಒಂದು ಒಕ್ಕೂಟ ಇದೆ. ಅವರ ಪುಟದಲ್ಲಿ ವೆಬ್‌ಸೈಟ್ ವಿಳಾಸ ಹಾಕಿದರೆ ಅದು ಅವರು ಪರಿಶೀಲಿಸಿದ ಅಂಗಡಿಯೇ ಅಲ್ಲವೇ ಗೊತ್ತಾಗುತ್ತದೆ. ನಾನು ನೋಡಿದ ಅಂಗಡಿ ಅದರಲ್ಲಿರಲಿಲ್ಲ. ಆಮೇಲಿಂದ ನನ್ನದು ಒಂದೇ ಕಟ್ಟಳೆ. ಚೀಟಿಯ ಔಷಧಿಯನ್ನು ಚೀಟಿ ಕೇಳದೆ ಕೊಡುವವರಿಂದ ಏನನ್ನೂ ಕೊಳ್ಳುವುದಿಲ್ಲ.

ಊರಿನ ಡಾಕ್ಟರ್ ಚೀಟಿ ಇಲ್ಲಿನ ಫಾರ್ಮಸಿಯಲ್ಲಿ ನಡೆಯುವುದಿಲ್ಲ. ಇಲ್ಲಿ ಲೈಸೆನ್ಸ್ ಇರುವ ಡಾಕ್ಟರೇ ಬರೆಯಬೇಕು. ಅಮ್ಮನಿಗೆ ಮಾಡಿಸಿದ್ದ ವಿಸಿಟರ್ ಇನ್ಶೂರೆನ್ಸ್, ಮೊದಲಿನಿಂದ ಇರುವ ಕಾಯಿಲೆಯ ದಿನನಿತ್ಯದ ಔಷಧಿಗೆ ಏನೂ ಕೊಡುವುದಿಲ್ಲ. ಹಾಗಾಗಿ ಇನ್ಶೂರೆನ್ಸ್ ಇಲ್ಲದವರನ್ನೂ ನೋಡುವ ಒಂದು ಕ್ಲಿನಿಕ್ ಹುಡುಕಿ, ಫೀಸು ಎಷ್ಟು ಅಂತ ಮೊದಲೇ ಫೋನಿನಲ್ಲಿ ಕೇಳಿಕೊಂಡು ಹೋದೆ. ಇಲ್ಲಿ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಪ್ರತಿ ರಾಜ್ಯದಲ್ಲೂ ಸರ್ಕಾರದ ನೆರವಿನ ಕಮ್ಯುನಿಟಿ ಹೆಲ್ತ್ ಸೆಂಟರ್‌ಗಳಿವೆ. ವರಮಾನ ಕಡಿಮೆ ಇದ್ದರೆ ಫೀಸೂ ಕಡಿಮೆ. ಸಂಕೋಚ ಬೇಡ, ನಿಮ್ಮನ್ನು ನೋಡುತ್ತಾರೆಯೇ ಅಂತ ಫೋನ್ ಮಾಡಿ ಕೇಳಿ.

ಡಾಕ್ಟರಮ್ಮ ಊರಿನ ಚೀಟಿ, ಸ್ಟ್ರಿಪ್‌ಗಳು, ರಕ್ತಪರೀಕ್ಷೆಯ ಕಾಗದ ಎಲ್ಲ ನೋಡಿ ಮೂರು ತಿಂಗಳಿಗೆ ಬರೆದರು. ಕೊನೆಗೆ "ಯಾವ ಫಾರ್ಮಸಿಗೆ ಕಳಿಸಲಿ?" ಅಂತ ಕೇಳಿದರು. ಇಲ್ಲಿ ಚೀಟಿ ನಮ್ಮ ಕೈಗೆ ಬರುವುದೇ ಕಡಿಮೆ, ಕಂಪ್ಯೂಟರಿನಲ್ಲೇ ಅಂಗಡಿಗೆ ಹೋಗುತ್ತದೆ. ನಾನು ಯೋಚನೆ ಮಾಡದೆ ಮನೆ ಹತ್ತಿರದ ದೊಡ್ಡ ಅಂಗಡಿಯ ಹೆಸರು ಹೇಳಿದೆ.

ಸಂಜೆ ಹೋದಾಗ ಕೌಂಟರಿನಲ್ಲಿ ಹೇಳಿದ ಬೆಲೆಗೆ ಎದೆ ಧಸಕ್ಕೆಂದಿತು. ಬಿ.ಪಿ. ಮಾತ್ರೆಗೇ, ಒಂದೇ ತಿಂಗಳಿಗೆ, ನೂರು ಡಾಲರ್ ದಾಟಿತ್ತು. ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಇಂಗ್ಲಿಷ್ ಅಷ್ಟಾಗಿ ಬರದಿದ್ದರೂ ಅಂಕಿ ಅರ್ಥವಾಗುತ್ತದೆ. "ಬೇಡ ಬಾರೇ, ಮನೆಗೆ ಹೋಗೋಣ" ಅಂದಳು.

ನಾನು ತಗೊಳ್ಳಲಿಲ್ಲ. ತಗೊಳ್ಳದೆ ಬರಬಹುದು ಅನ್ನುವುದನ್ನು ತಿಳಿದಿರಿ. ಚೀಟಿ ಹಾಳಾಗುವುದಿಲ್ಲ. ಬೇರೆ ಅಂಗಡಿಗೆ ಫೋನ್ ಮಾಡಿ ಆ ಚೀಟಿ ಇಂಥಲ್ಲಿದೆ ಅಂದರೆ ಸಾಮಾನ್ಯವಾಗಿ ಅವರೇ ತರಿಸಿಕೊಳ್ಳುತ್ತಾರೆ.

ನಮ್ಮಲ್ಲಿ ಸ್ಟ್ರಿಪ್ ಮೇಲೆ ಎಂ.ಆರ್.ಪಿ. ಅಚ್ಚಾಗಿರುತ್ತದೆ. ಅರಸೀಕೆರೆಯಲ್ಲಿ ಕೊಂಡರೂ ಅದೇ, ಬೆಂಗಳೂರಿನಲ್ಲಿ ಕೊಂಡರೂ ಅದೇ. ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಇಲ್ಲಿ ಡಬ್ಬಿಯ ಮೇಲೆ ಬೆಲೆಯೇ ಇರುವುದಿಲ್ಲ. ಅದೇ ಮಾತ್ರೆಗೆ ರಸ್ತೆಯ ಈ ಕಡೆ ಒಂದು ಬೆಲೆ, ಆ ಕಡೆ ಇನ್ನೊಂದು. ಇನ್ಶೂರೆನ್ಸ್ ಇದ್ದರೆ ಒಂದು, ಇಲ್ಲದಿದ್ದರೆ ಒಂದು, ಕೂಪನ್ ತೋರಿಸಿದರೆ ಮತ್ತೊಂದು. ನಾವು ಮೆಡಿಕಲ್ ಶಾಪಿನಲ್ಲಿ ಚೌಕಾಸಿ ಮಾಡಿ ಬೆಳೆದವರಲ್ಲ. ಕೇಳಲು ನಾಚಿಕೆ ಆಗುತ್ತದೆ. ಆದರೆ ಇಲ್ಲಿ ಕೇಳಲೇಬೇಕು.

ಒಂದು ನೋಟ್‌ಬುಕ್ ತಗೊಂಡು ಎರಡು ದಿನ ಫೋನ್ ಮಾಡಿದೆ, ಏಳು ಕಡೆ. ಕೇಳಿದ ಮಾತು ಎಲ್ಲ ಕಡೆ ಒಂದೇ: "ಇನ್ಶೂರೆನ್ಸ್ ಇಲ್ಲ, ಕೈಯಿಂದ ಕೊಡುತ್ತೇನೆ. ಜನರಿಕ್ ಟೆಲ್ಮಿಸಾರ್ಟಾನ್ 40, 90 ಮಾತ್ರೆ, ಎಷ್ಟಾಗುತ್ತದೆ? ಇದಕ್ಕಿಂತ ಕಡಿಮೆ ಮಾಡುವ ದಾರಿ ಇದೆಯಾ?" ಜನರಿಕ್ ಅಂದರೆ ಬ್ರ್ಯಾಂಡ್ ಹೆಸರಿಲ್ಲದೆ ಔಷಧಿಯ ಹೆಸರಿನಲ್ಲೇ ಮಾರುವುದು. ಎರಡನೇ ಪ್ರಶ್ನೆಗೆ ಮೂರು ಕಡೆ ಬೆಲೆ ಅಲ್ಲೇ ಇಳಿಯಿತು. 90 ಅಂತ ಕೇಳಿದ್ದೂ ಬೇಕಂತಲೇ. 30ರಂತೆ ಮೂರು ಸಲ ಕೊಳ್ಳುವುದಕ್ಕಿಂತ ಒಟ್ಟಿಗೆ ಕೊಂಡರೆ ಎಷ್ಟೋ ಸಲ ಕಡಿಮೆ ಬೀಳುತ್ತದೆ.

ಹಾಗೆ ಗೊತ್ತಾದದ್ದು ಬಹಳ. ವಾಲ್‌ಮಾರ್ಟ್‌ನಲ್ಲಿ 2006ರಿಂದ ಒಂದು ಪಟ್ಟಿ ಇದೆ. ಅದರಲ್ಲಿರುವ ಎಷ್ಟೋ ಹಳೆಯ ಜನರಿಕ್ ಔಷಧಿಗಳು ಒಂದು ತಿಂಗಳಿಗೆ 4 ಡಾಲರ್, ಮೂರು ತಿಂಗಳಿಗೆ 10 ಡಾಲರ್. ಮೆಟ್‌ಫಾರ್ಮಿನ್ ಅದರಲ್ಲಿದೆ. ಕಾಸ್ಟ್‌ಕೊ ಮೆಂಬರ್‌ಗಳಿಗೆ ಅಂತ ಇರುವ ದೊಡ್ಡ ಅಂಗಡಿ, ಆದರೆ ಅದರ ಫಾರ್ಮಸಿಯಲ್ಲಿ ಚೀಟಿಯ ಔಷಧಿ ಕೊಳ್ಳಲು ಮೆಂಬರ್ ಆಗಿರಬೇಕಿಲ್ಲ. ಬಾಗಿಲಲ್ಲಿ ಫಾರ್ಮಸಿಗೆ ಅಂತ ಹೇಳಿದರೆ ಒಳಗೆ ಬಿಡುತ್ತಾರೆ. 2022ರಲ್ಲಿ ಶುರುವಾದ, ಉದ್ಯಮಿ ಮಾರ್ಕ್ ಕ್ಯೂಬನ್ ಅವರ ಆನ್‌ಲೈನ್ ಫಾರ್ಮಸಿ ಕಾಸ್ಟ್ ಪ್ಲಸ್ ಡ್ರಗ್ಸ್ ಔಷಧಿಯನ್ನು ಅಂಚೆಯಲ್ಲಿ ಕಳಿಸುತ್ತದೆ. ಔಷಧಿಯ ಅಸಲಿನ ಮೇಲೆ 15 ಪರ್ಸೆಂಟ್ ಇಟ್ಟುಕೊಂಡು, ಅದರ ಮೇಲೆ ಫಾರ್ಮಸಿ ಕೆಲಸಕ್ಕೆ 5 ಡಾಲರ್ ಮತ್ತು ಅಂಚೆ ಖರ್ಚು. ಲೆಕ್ಕ ಬಿಚ್ಚಿ ತೋರಿಸುವುದು ನನಗೆ ಹಿಡಿಸಿತು. ಗುಡ್‌ಆರ್‌ಎಕ್ಸ್‌ನಂಥ ವೆಬ್‌ಸೈಟ್‌ಗಳ ಕೂಪನ್‌ಗಳೂ ಇವೆ. ಅಲ್ಲಿ ಔಷಧಿಯ ಹೆಸರು, ನೀವಿರುವ ಜಾಗದ ಪಿನ್‌ಕೋಡ್ ಹಾಕಿದರೆ ಯಾವ ಅಂಗಡಿಯಲ್ಲಿ ಎಷ್ಟು ಅಂತ ಬರುತ್ತದೆ. ಬೆಲೆ ನೋಡುವುದಕ್ಕೆ ನಿಮ್ಮ ಹೆಸರು, ಫೋನ್ ನಂಬರ್ ಕೊಡಬೇಕಿಲ್ಲ, ಕೊಡಬೇಡಿ.

ನೂರು ದಾಟಿದ್ದ ಮಾತ್ರೆ ಇನ್ನೊಂದು ಕಡೆ ತಿಂಗಳಿಗೆ 14 ಡಾಲರಿಗೆ ಸಿಕ್ಕಿತು. ಅದೇ ಔಷಧಿ, ಅಷ್ಟೇ ಡೋಸ್. ಆ ಅಂಕಿ ಬರೆದುಕೊಂಡಾಗ ಸಮಾಧಾನವಾಯಿತು. ಜೊತೆಗೆ ಸಿಟ್ಟೂ ಬಂತು. ಫೋನ್ ಮಾಡಿ ಕೇಳಲು ಬಾರದವರು ಆ ನೂರನ್ನು ಕೊಟ್ಟೇ ಬರುತ್ತಾರೆ, ಅಲ್ವಾ? ಇಲ್ಲವೇ ಅಮ್ಮನ ಹಾಗೆ ದಿನ ಬಿಟ್ಟು ದಿನ ನುಂಗುತ್ತಾರೆ.

ನೋಟ್‌ಬುಕ್ ನೋಡಿದರೆ ತೀರಾ ಕಡಿಮೆ ಅಂದರೆ ನಾಲ್ಕು ಔಷಧಿಯನ್ನು ಮೂರು ಅಂಗಡಿಯಲ್ಲಿ ಕೊಳ್ಳಬೇಕಿತ್ತು. ಹಾಗೆ ಮಾಡಲಿಲ್ಲ. ಕಾರಣ ಆರನೇ ಫೋನ್.

ಅದು ಒಂದು ಸಣ್ಣ ಅಂಗಡಿ. ಯಾವ ದೊಡ್ಡ ಕಂಪನಿಗೂ ಸೇರಿದ್ದಲ್ಲ. ಫೋನ್ ತೆಗೆದವರೇ ಫಾರ್ಮಸಿಸ್ಟ್, ವಯಸ್ಸಾದವರು. ಬೆಲೆ ಹೇಳುವ ಮೊದಲು "ಇದು ಯಾರಿಗೆ? ಇನ್ನೇನು ತಗೊಳ್ಳುತ್ತಾರೆ?" ಅಂತ ಕೇಳಿದರು. ಬೇರೆ ಆರು ಕಡೆ ಯಾರೂ ಹಾಗೆ ಕೇಳಿರಲಿಲ್ಲ. "ಮನೆಯಲ್ಲಿರುವ ಮಾತ್ರೆ, ಟಾನಿಕ್, ಪುಡಿ ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಅಮ್ಮನನ್ನೂ ಕರೆದುಕೊಂಡು ಬನ್ನಿ" ಅಂದರು. ಹೋಗುವ ಮುಂಚೆ ಓಹಾಯೋ ಫಾರ್ಮಸಿ ಬೋರ್ಡಿನ ಲೈಸೆನ್ಸ್ ಪುಟದಲ್ಲಿ ಅಂಗಡಿಯ ಹೆಸರು, ಅವರ ಹೆಸರು ಎರಡನ್ನೂ ಹುಡುಕಿದೆ. ಲೈಸೆನ್ಸ್ ಜಾರಿಯಲ್ಲಿತ್ತು, ಯಾವ ಕ್ರಮವೂ ಆಗಿರಲಿಲ್ಲ. ಇದಕ್ಕೆ ಎರಡು ನಿಮಿಷ ಸಾಕು. ಎಲ್ಲ ರಾಜ್ಯದಲ್ಲೂ ಇಂಥ ಬೋರ್ಡ್ ಇದೆ.

ಅವರು ಚೀಲದಲ್ಲಿದ್ದುದನ್ನೆಲ್ಲ ಕೌಂಟರ್ ಮೇಲೆ ಸಾಲಾಗಿ ಇಟ್ಟರು. ಅಮ್ಮ ಬೆಳಿಗ್ಗೆ ಎದ್ದ ಮೇಲೆ ಏನು ಮಾಡುತ್ತಾಳೆ ಅಂತ ಕೇಳಿದರು. ನಾನು ನಡುವೆ ಕನ್ನಡ ಮಾಡಿ ಹೇಳಿದೆ. ಥೈರಾಯ್ಡ್ ಮಾತ್ರೆ ನುಂಗುತ್ತೇನೆ, ಹಿಂದೆಯೇ ಕಾಫಿ, ತಿಂಡಿ ಆದ ತಕ್ಷಣ ಕ್ಯಾಲ್ಸಿಯಂ ಅಂದಳು ಅಮ್ಮ. ಅವರು ಪೆನ್ನು ಕೆಳಗಿಟ್ಟರು. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ತಗೊಂಡು ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕ್ಯಾಲ್ಸಿಯಂ ಆಗಲಿ ಕಬ್ಬಿಣಾಂಶದ ಮಾತ್ರೆಯಾಗಲಿ ನಾಲ್ಕು ಗಂಟೆ ದೂರ ಇರಬೇಕು. ಇಲ್ಲದಿದ್ದರೆ ಥೈರಾಯ್ಡ್ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅಮ್ಮ ಎಷ್ಟೋ ವರ್ಷದಿಂದ ಎರಡನ್ನೂ ಒಂದೆರಡು ಗಂಟೆಯೊಳಗೇ ತಗೊಳ್ಳುತ್ತಿದ್ದಳು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ನಾಲ್ಕೂ ಔಷಧಿಗೆ ಮೂರು ತಿಂಗಳಿಗೆ 62 ಡಾಲರ್ ಆಯಿತು. ಮೂರು ಅಂಗಡಿ ಸುತ್ತಿದ್ದರೆ ಹತ್ತು ಡಾಲರ್ ಉಳಿಯುತ್ತಿತ್ತು. ಆದರೆ ಒಂದು ಔಷಧಿ ಇಲ್ಲಿ, ಒಂದು ಅಲ್ಲಿ ಅಂತ ಕೊಂಡರೆ ಯಾರ ಹತ್ತಿರವೂ ಪೂರ್ತಿ ಪಟ್ಟಿ ಇರುವುದಿಲ್ಲ. ಒಂದು ಮಾತ್ರೆಗೂ ಇನ್ನೊಂದಕ್ಕೂ ಆಗಿಬರುತ್ತದೆಯೇ ಅಂತ ನೋಡುವವರು ಇರುವುದಿಲ್ಲ. ಆ ಹತ್ತು ಡಾಲರನ್ನು ನಾನು ಖುಷಿಯಿಂದ ಕೊಟ್ಟೆ. ಕೈ ತೀರಾ ಬಿಗಿ ಇದ್ದು ಬೇರೆ ಬೇರೆ ಕಡೆ ಕೊಳ್ಳಲೇಬೇಕಾದರೆ, ಪೂರ್ತಿ ಪಟ್ಟಿಯನ್ನು ಪ್ರತಿ ಅಂಗಡಿಗೂ ಕೊಡಿ.

ಡಬ್ಬಿಯ ಬಗ್ಗೆಯೂ ಹೇಳಬೇಕು. ಇಲ್ಲಿ ಸಾಮಾನ್ಯವಾಗಿ ಕಿತ್ತಳೆ ಬಣ್ಣದ ಡಬ್ಬಿಯಲ್ಲಿ ಬಿಡಿ ಮಾತ್ರೆ ಕೊಡುತ್ತಾರೆ. ಮಕ್ಕಳು ತೆಗೆಯಬಾರದು ಅಂತ ಮುಚ್ಚಳ ಒತ್ತಿ ತಿರುಗಿಸುವ ಹಾಗಿರುತ್ತದೆ. ಅಮ್ಮನ ಬೆರಳಿಗೆ ಅದು ಆಗಲಿಲ್ಲ. ಕೇಳಿದರೆ ಸುಲಭದ ಮುಚ್ಚಳ ಹಾಕಿಕೊಡುತ್ತಾರೆ. ಮನೆಯಲ್ಲಿ ನಾಲ್ಕು ವರ್ಷದ ಮಗ ಇದ್ದಾನೆ, ಹಾಗಾಗಿ ಡಬ್ಬಿಗಳನ್ನು ಮೇಲಿನ ಕಪಾಟಿಗೆ ಹಾಕಿ ಬೀಗ ಹಾಕಿದೆ. ಪ್ರತಿ ಮಾತ್ರೆಯ ಮೇಲೂ ಅಕ್ಷರವೋ ಅಂಕಿಯೋ ಕೊರೆದಿರುತ್ತದೆ. ಅದು ಆ ಮಾತ್ರೆಯ ಗುರುತು. ಥೈರಾಯ್ಡ್ ಮಾತ್ರೆಗೆ ಡೋಸಿಗೊಂದು ಬಣ್ಣ, 50 ಬಿಳಿ, 100 ಹಳದಿ. ಮುಂದಿನ ಸಲ ಬಣ್ಣವೋ ಗುರುತೋ ಬೇರೆ ಬಂದರೆ ನುಂಗುವ ಮುಂಚೆ ಅಂಗಡಿಗೆ ಫೋನ್ ಮಾಡಿ. ಥೈರಾಯ್ಡ್ ಮಾತ್ರೆಯನ್ನು ಆದಷ್ಟೂ ಒಂದೇ ಕಂಪನಿಯದ್ದು ಕೊಡಿ ಅಂತ ಕೇಳಿಕೊಳ್ಳಿ. ಅವರು ಬರೆದಿಟ್ಟುಕೊಳ್ಳುತ್ತಾರೆ.

ಮೆಟ್‌ಫಾರ್ಮಿನ್ ಡಬ್ಬಿಯ ಲೇಬಲ್ ಮೇಲೆ ತಯಾರಕರ ಹೆಸರು ಅರಬಿಂದೋ ಅಂತಿತ್ತು. ಹೈದರಾಬಾದಿನ ಕಂಪನಿ. ಅಮ್ಮನಿಗೆ ಓದಿ ಹೇಳಿದೆ. "ಹಾಗಾದ್ರೆ ಇದು ನಮ್ಮ ಕಡೆಯದ್ದೇ" ಅಂತ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಅವತ್ತಿನಿಂದ ಮಾತ್ರೆ ಉಳಿಸುವ ಮಾತು ಬರಲಿಲ್ಲ.

ಇಷ್ಟೆಲ್ಲ ಆದ ಮೇಲೆ ನನ್ನ ಔಷಧಿಯ ಬೆಲೆಯನ್ನೂ ಕೇಳಿದೆ. ನನಗೆ ಆಫೀಸಿನ ಇನ್ಶೂರೆನ್ಸ್ ಇದೆ. ಆದರೂ ಒಂದು ಮಾತ್ರೆಗೆ ಇನ್ಶೂರೆನ್ಸ್‌ನಲ್ಲಿ ನಾನು ಕಟ್ಟುತ್ತಿದ್ದ ಪಾಲಿಗಿಂತ ಸುಮ್ನೆ ದುಡ್ಡು ಕೊಟ್ಟು ಕೊಂಡರೇ ಕಡಿಮೆ ಇತ್ತು. ಮೊದಲೆಲ್ಲ ಇದನ್ನು ಗ್ರಾಹಕರಿಗೆ ಹೇಳದಂತೆ ಫಾರ್ಮಸಿಸ್ಟ್‌ಗಳ ಬಾಯಿ ಕಟ್ಟುವ ಕರಾರುಗಳಿದ್ದವು. 2018ರಲ್ಲಿ ಕಾನೂನು ಮಾಡಿ ಅವನ್ನು ತೆಗೆದರು. ಈಗ ಕೇಳಿದರೆ ಹೇಳುತ್ತಾರೆ. ಆದರೆ ಇನ್ಶೂರೆನ್ಸ್‌ನವರು ಕೊಡಲು ಶುರು ಮಾಡುವ ಮುಂಚೆ ವರ್ಷಕ್ಕೆ ಇಷ್ಟು ಅಂತ ನಾವು ಕೈಯಿಂದ ಕಟ್ಟಬೇಕಾದ ಲೆಕ್ಕಕ್ಕೆ ಹಾಗೆ ಕೊಟ್ಟ ದುಡ್ಡು ಸಾಮಾನ್ಯವಾಗಿ ಸೇರುವುದಿಲ್ಲ. ದೊಡ್ಡ ಖರ್ಚು ಇರುವ ವರ್ಷ ಅದನ್ನೂ ನೋಡಿಕೊಳ್ಳಿ.

ಸೆಪ್ಟೆಂಬರ್ ಹೊತ್ತಿಗೆ ಅಮ್ಮನ ಬಿ.ಪಿ. 132ಕ್ಕೆ ಬಂತು. ನವೆಂಬರ್‌ನಲ್ಲಿ ಹೊರಡುವ ಮುಂಚೆ ಆ ಫಾರ್ಮಸಿಗೆ ಹೋಗಿ ಬರೋಣ ಅಂತ ಅವಳೇ ಹೇಳಿದಳು. ಕೋಡುಬಳೆ ಮಾಡಿ ಡಬ್ಬಕ್ಕೆ ಹಾಕಿಕೊಂಡಿದ್ದಳು. ಅವರು ಅವಳ ಔಷಧಿಗಳ ಪಟ್ಟಿಯನ್ನು ಹೊತ್ತಿನ ಸಮೇತ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೊಟ್ಟರು. ಊರಿಗೆ ಹೋದ ಮೇಲೆ ಅಮ್ಮ ಅದನ್ನು ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ಸ್‌ನವರಿಗೆ ತೋರಿಸಿದಳಂತೆ. ಅವರು ಎರಡು ಸಲ ಓದಿ, ಕ್ಯಾಲ್ಸಿಯಂ ಡಬ್ಬಿಯ ಮೇಲೆ ನೀಲಿ ಪೆನ್ನಿನಲ್ಲಿ "ರಾತ್ರಿ ಊಟ ಆದಮೇಲೆ" ಅಂತ ದಪ್ಪಗೆ ಬರೆದುಕೊಟ್ಟರಂತೆ.