ಗಾಬ್ಲಿನ್‌ಗೂ ಜೀವದ ಆಸೆ ಇರುತ್ತದೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಡೈಸ್ ಉರುಳಿಸಿ ಕಥೆ ಕಟ್ಟುವ ಆಟ. ಅದನ್ನು ನಡೆಸುವವರಿಗೆ, ಅಂದರೆ ಶತ್ರುಗಳನ್ನು ಆಡಿಸುವವರಿಗೆ, ಒಂದು ಸಲಹೆ. ನಿಮ್ಮ ಆಟದ ಪ್ರಾಣಿ, ರಾಕ್ಷಸರೆಲ್ಲ ಸಾಯುವ ತನಕ ಸುಮ್ನೆ ಎದುರು ನಿಂತು ಹೊಡೆದಾಡುತ್ತಾರಾ? ಹಾಗಿದ್ದರೆ ಕಾಳಗಕ್ಕೆ ಮೊದಲೇ ಎರಡು ಮಾತು ಬರೆದಿಟ್ಟುಕೊಳ್ಳಿ: ಇದಕ್ಕೆ ಏನು ಬೇಕು, ಇದು ಯಾವಾಗ ಓಡುತ್ತದೆ.

ತೋಳಗಳನ್ನೇ ನೋಡಿ. ಅವು ಬಂದಿರುವುದು ಹೊಟ್ಟೆಪಾಡಿಗೆ. ಕಬ್ಬಿಣದ ಕವಚ ತೊಟ್ಟವನ ತಂಟೆಗೆ ಯಾಕೆ ಹೋಗುತ್ತವೆ? ಮೊದಲು ಕಟ್ಟಿಹಾಕಿದ ಕುದುರೆ, ಆಮೇಲೆ ಒಂಟಿಯಾಗಿ ನಿಂತ ಮಂತ್ರವಾದಿ. ಆಟದ 5ನೇ ಆವೃತ್ತಿಯಲ್ಲಿ ಗುರಿಯ ಪಕ್ಕ ಇನ್ನೊಂದು ತೋಳ ಇದ್ದರೆ, ದಾಳಿ ಮಾಡುವಾಗ ಒಂದರ ಬದಲು ಎರಡು ಡೈಸ್ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಹಾಗಾಗಿ ಒಂದೊಂದಾಗಿ ಬರುವುದು ದಡ್ಡ ತೋಳ.

ಗಾಬ್ಲಿನ್, ಅಂದರೆ ಆಟದ ಕುಳ್ಳ ರಾಕ್ಷಸ, ಬಾಣ ಬಿಟ್ಟು ಪೊದೆಯೊಳಗೆ ಅಡಗಬೇಕು. ಆಟಗಾರರಿಗೆ ಕಿರಿಕಿರಿ ಆಗುತ್ತದೆ, ಆಗಲಿ ಬಿಡಿ.

ಓಡುವುದಕ್ಕೆ 1981ರ ಬೇಸಿಕ್ ಆವೃತ್ತಿಯ ಮೊರೇಲ್ (ಎದೆಗಾರಿಕೆ) ನಿಯಮವೇ ನನಗೆ ಇಷ್ಟ. ಗುಂಪಿನಲ್ಲಿ ಮೊದಲ ಹೆಣ ಬಿದ್ದಾಗ, ಮತ್ತೆ ಅರ್ಧ ಜನ ಬಿದ್ದಾಗ, ಆರು ಮುಖದ ಎರಡು ಡೈಸ್ ಹಾಕಿ. ಗಾಬ್ಲಿನ್‌ನ ಮೊರೇಲ್ 7. ಮೊತ್ತ ಅದಕ್ಕಿಂತ ಜಾಸ್ತಿ ಬಂದರೆ ಓಟ, ಇಲ್ಲವೇ ಶರಣು. ಜೊತೆಗೆ ಅವರ ರಾಜ ಇದ್ದರೆ 9. ಜಾಂಬಿಗಳಿಗೆ ಇದೆಲ್ಲ ಬೇಡ, ಅವಕ್ಕೆ ಭಯವೇ ಇಲ್ಲ.

ತಪ್ಪಿಸಿಕೊಂಡ ಗಾಬ್ಲಿನ್ ಮುಂದಿನ ಗುಹೆಗೆ ಸುದ್ದಿ ಮುಟ್ಟಿಸುತ್ತದೆ, ಅಲ್ವಾ? ಅಲ್ಲಿ ಬಿಲ್ಲು ಹಿಡಿದು ಕಾಯುವವರು ಎಷ್ಟು ಅಂತ ಈಗಲೇ ಲೆಕ್ಕ ಹಾಕಿಟ್ಟುಕೊಳ್ಳಿ.